ಪ್ರಾಚೀನ ಲೋಕದ ಕಾದಂಬರಿಗಳ ಸಚಿತ್ರ ಆವೃತ್ತಿಗಳನ್ನು ಕೂಡಿಡುವ ಬಗೆ

ಕಲಬುರಗಿಯಲ್ಲಿ ಕುಳಿತು ರೋಮ್, ಕಾರ್ಥೇಜ್, ಪಾಂಪೆ, ಪಾಟಲಿಪುತ್ರಗಳ ಕತೆ ಹೇಳುವ ಕಾದಂಬರಿಗಳ ಒಳ್ಳೆಯ ಸಚಿತ್ರ ಆವೃತ್ತಿಗಳನ್ನು ಸಂಗ್ರಹಿಸಬೇಕೆನ್ನುವವರು ಮೊದಲು ಪುಸ್ತಕದಂಗಡಿಗೆ ಹೋಗಬಾರದು, ಸನ್ನತಿಗೆ ಹೋಗಬೇಕು. ಭೀಮಾ ನದಿಯ ದಂಡೆಯ ಆ ಊರಿನಲ್ಲಿ, 1986ರಲ್ಲಿ, ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿಯ ಗುಡಿಯ ಮಾಳಿಗೆ ಕುಸಿದಾಗ, ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಕಾಣಿಸಿಕೊಂಡಿತು. ಮಗ್ಗುಲಿನ ಕನಗನಹಳ್ಳಿಯಲ್ಲಿ 1994ರಿಂದ ನಡೆದ ಉತ್ಖನನದಲ್ಲಿ ದೊಡ್ಡ ಸ್ತೂಪವೊಂದರ ಅವಶೇಷಗಳೂ, ಅದಕ್ಕೆ ಹೊದಿಸಿದ್ದ ಸುಣ್ಣಕಲ್ಲಿನ ಕೆತ್ತನೆಯ ಚಪ್ಪಡಿಗಳೂ ಹೊರಬಂದವು. ಅವುಗಳಲ್ಲಿ ಒಂದರ ಮೇಲೆ ಬ್ರಾಹ್ಮಿ ಲಿಪಿಯಲ್ಲಿ ‘ರಾಯಾ ಅಸೋಕೋ’ ಎಂದು ಬರೆದಿದೆ. ರಾಜ ರಾಣಿಯೊಂದಿಗೆ ನಿಂತಿದ್ದಾನೆ, ಹಿಂದೆ ಚಾಮರ ಮತ್ತು ಛತ್ರ ಹಿಡಿದ ಸೇವಕಿಯರಿದ್ದಾರೆ. ಶಾತವಾಹನ ರಾಜರ ಹೆಸರು ಬರೆದ ಚಪ್ಪಡಿಗಳೂ ಅಲ್ಲಿಯೇ ಸಿಕ್ಕಿವೆ. ಅಶೋಕನ ತಲೆಗೆ ನಾವು ನಾಟಕದಲ್ಲಿ ನೋಡುವ ಕಿರೀಟವಿಲ್ಲ, ಸುತ್ತಿ ಕಟ್ಟಿದ ಭಾರವಾದ ಮುಂಡಾಸವಿದೆ. ಮೈಗೆ ಹೊಲಿದ ಅಂಗಿಯಿಲ್ಲ. ಕಿವಿಗೆ, ಕೊರಳಿಗೆ, ತೋಳಿಗೆ ಆಭರಣ ತುಂಬಿದೆ.

ಆ ಕೆತ್ತನೆಗಳನ್ನು ಒಂದು ಗಂಟೆ ನೋಡಿ ಬಂದವರ ಕಣ್ಣು ಬೇರೆಯಾಗುತ್ತದೆ. ಎರಡು ಸಾವಿರ ವರ್ಷದ ಹಿಂದಿನ ಶಿಲ್ಪಿ ತನ್ನ ಕಾಲದ ಉಡುಗೆಯನ್ನು, ನಿಲುವನ್ನು, ಗಾಡಿಯ ಗಾಲಿಯನ್ನು ಹೇಗೆ ಕಂಡನೆಂಬುದು ಒಮ್ಮೆ ಮನಸ್ಸಿಗೆ ಇಳಿದರೆ, ಮುಂದೆ ಯಾವ ಪ್ರಾಚೀನ ದೇಶದ ಕತೆಗೆ ಯಾರು ಬರೆದ ಚಿತ್ರವನ್ನು ನೋಡಿದರೂ, ಇದು ಆ ಕಾಲದ ಕಲ್ಲನ್ನೋ ಗೋಡೆಯನ್ನೋ ನೋಡಿ ಬರೆದದ್ದೇ, ಅಥವಾ ರಂಗಮಂದಿರದ ಉಡುಪಿನ ಪೆಟ್ಟಿಗೆಯನ್ನು ನೋಡಿ ಬರೆದದ್ದೇ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಸಂಗ್ರಹ ನಿಂತಿರುವುದು ಈ ಪ್ರಶ್ನೆಯ ಮೇಲೆಯೇ ಎಂಬುದು ನನ್ನ ನಂಬಿಕೆ. ಹಣ, ಅಂಗಡಿ, ಅಲಮಾರಿ ಇವೆಲ್ಲ ಆಮೇಲಿನ ಮಾತು.

ಕಣ್ಣಿಗೆ ಕೆಲವು ಪರೀಕ್ಷೆಗಳನ್ನು ರೂಢಿ ಮಾಡಿಸಬಹುದು. ಗ್ರೀಕ್ ಅಥವಾ ರೋಮನ್ ಸವಾರನ ಕಾಲು ರಿಕಾಪಿನಲ್ಲಿದ್ದರೆ, ಎಂದರೆ ಜೀನಿನಿಂದ ತೂಗುವ ಕಾಲಿಡುವ ಬಳೆಯಲ್ಲಿದ್ದರೆ, ಚಿತ್ರಕಾರ ವಿಚಾರಿಸಿಲ್ಲ ಎಂದರ್ಥ. ರಿಕಾಪು ಯುರೋಪಿಗೆ ಬಂದದ್ದು ಪಶ್ಚಿಮ ರೋಮನ್ ಸಾಮ್ರಾಜ್ಯ ಅಳಿದ ಮೇಲೆ. ಗುಡಿ, ಮೂರ್ತಿ ಎಲ್ಲವೂ ಹಾಲಿನಂತೆ ಬೆಳ್ಳಗಿದ್ದರೆ ಅದು ಹತ್ತೊಂಬತ್ತನೆಯ ಶತಮಾನದ ರುಚಿ. ಗ್ರೀಕರೂ ರೋಮನ್ನರೂ ತಮ್ಮ ಅಮೃತಶಿಲೆಗೆ ಬಣ್ಣ ಹಚ್ಚುತ್ತಿದ್ದರು, ಪಾಂಪೆಯ ಮನೆಗಳ ಗೋಡೆಗಳು ಇಂದಿಗೂ ಕೆಂಪಾಗಿವೆ. ಮೌರ್ಯರ ಕತೆಯ ಚಿತ್ರದಲ್ಲಿ ಬಂಡೆಯ ಮೇಲಿನ ಅಕ್ಷರ ದೇವನಾಗರಿಯಾಗಿದ್ದರೆ, ಅಡಿಗೆಮನೆಯಲ್ಲಿ ಮೆಣಸಿನಕಾಯಿಯ ಸರ ತೂಗುತ್ತಿದ್ದರೆ, ಪುಸ್ತಕವನ್ನು ಅಲ್ಲಿಯೇ ಮುಚ್ಚಬಹುದು. ಮೆಣಸಿನಕಾಯಿ ನಮ್ಮ ದೇಶಕ್ಕೆ ಬಂದದ್ದು ಪೋರ್ಚುಗೀಸರ ಹಡಗುಗಳು ಬಂದ ಮೇಲೆ. ಆದರೆ ಈ ಅಳತೆಗೋಲನ್ನು ಎಲ್ಲ ಚಿತ್ರಕ್ಕೂ ಹಿಡಿಯಬಾರದು. ನಮ್ಮ ಕಲಬುರಗಿಯಲ್ಲಿಯೇ 1916ರಲ್ಲಿ ಹುಟ್ಟಿದ ಎಸ್. ಎಂ. ಪಂಡಿತರ ಪೌರಾಣಿಕ ಚಿತ್ರಗಳು ಇತಿಹಾಸದ ಸಾಕ್ಷಿ ಹೇಳಲು ಹೊರಟವಲ್ಲ, ಪುರಾಣದ ತೇಜಸ್ಸನ್ನು ಕಾಣಿಸಲು ಹೊರಟವು. ಅವನ್ನು ಆ ಮನಸ್ಸಿನಿಂದಲೇ ನೋಡಬೇಕು. ಐತಿಹಾಸಿಕ ಕಾದಂಬರಿಯ ಚಿತ್ರಕಾರನ ಹೊಣೆ ಬೇರೆ, ಏಕೆಂದರೆ ಕಾದಂಬರಿಕಾರ ಕಾಲವನ್ನು ಹೆಸರಿಸಿ ಮಾತು ಕೊಟ್ಟಿರುತ್ತಾನೆ.

ಇನ್ನೊಂದು ಪರೀಕ್ಷೆ ಇದಕ್ಕಿಂತ ಸೂಕ್ಷ್ಮವಾದದ್ದು. ಕಾರ್ಥೇಜಿನ ಕೂಲಿಸೈನಿಕರ ದಂಗೆಯ ಕತೆಯಾದ ‘ಸಲಾಂಬೋ’ವನ್ನು ಬರೆಯುವುದಕ್ಕಾಗಿ ಫ್ರೆಂಚ್ ಕಾದಂಬರಿಕಾರ ಫ್ಲೋಬೆರ್ 1858ರಲ್ಲಿ ಟ್ಯುನಿಸ್‌ವರೆಗೂ ಹೋಗಿ ನೆಲ ನೋಡಿ ಬಂದ. 1862ರಲ್ಲಿ ಪುಸ್ತಕ ಹೊರಬರುವ ಹೊತ್ತಿಗೆ ಅದಕ್ಕೆ ಚಿತ್ರ ಹಾಕಿಸುವ ಮಾತು ಬಂದಾಗ ಅವನು ಕಡುವಾಗಿ ವಿರೋಧಿಸಿದ. ಮಾತಿನಲ್ಲಿ ಬಂದ ಹೆಣ್ಣು ಓದುವವರ ಮನಸ್ಸಿನಲ್ಲಿ ಸಾವಿರ ಹೆಣ್ಣಾಗಬಲ್ಲಳು, ಗೆರೆಯಲ್ಲಿ ಬಂದವಳು ಒಬ್ಬಳಾಗಿಯೇ ಉಳಿಯುತ್ತಾಳೆ ಎಂಬುದು ಅವನ ವಾದದ ತಿರುಳು. ಅವನು ತೀರಿಕೊಂಡ ಮೇಲೆ ಆ ಕಾದಂಬರಿಗೆ ಚಿತ್ರ ಬರೆಯದ ದೇಶವಿಲ್ಲ ಎನ್ನುವಷ್ಟು ಆವೃತ್ತಿಗಳು ಬಂದವು. ನಾನು ಆ ಆವೃತ್ತಿಗಳನ್ನು ಆಯುವಾಗ ಫ್ಲೋಬೆರನ ಮಾತನ್ನೇ ತಕ್ಕಡಿಯಾಗಿ ಇಟ್ಟುಕೊಳ್ಳುತ್ತೇನೆ: ನಾಯಕಿಯ ಮುಖವನ್ನು ಓದುಗರಿಗೇ ಬಿಟ್ಟು, ಕೋಟೆ, ಬೀದಿ, ಆನೆ, ಜಲಮಾರ್ಗ, ಜನರ ಗುಂಪು ಇವನ್ನು ಬರೆದ ಚಿತ್ರಕಾರನ ಪುಸ್ತಕ ನನ್ನ ಮನೆಗೆ ಬರುತ್ತದೆ. ಪುಟಪುಟಕ್ಕೂ ನಾಯಕಿಯ ಕಣ್ಣು ಮೂಗನ್ನೇ ತಿದ್ದಿದವನ ಪುಸ್ತಕವನ್ನು ಎಷ್ಟು ಅಗ್ಗಕ್ಕೆ ಸಿಕ್ಕರೂ ಬಿಟ್ಟುಬಿಡುತ್ತೇನೆ.

ಸಂಗ್ರಹಕ್ಕೆ ಎಲ್ಲೆ ಹಾಕಿಕೊಳ್ಳುವುದು ಅವಶ್ಯ. ನನ್ನ ಎಲ್ಲೆ ಮಳಖೇಡ. ರಾಷ್ಟ್ರಕೂಟರ ಮಾನ್ಯಖೇಟ ಹಾಳಾದ ಹತ್ತನೆಯ ಶತಮಾನದ ಕೊನೆಯ ತನಕದ ಕತೆಯಾದರೆ ಸೇರಿಸುತ್ತೇನೆ, ಅದರಾಚೆಯದನ್ನು ಬಿಡುತ್ತೇನೆ. ಇದನ್ನು ವಿದ್ವಾಂಸರ ಕಾಲವಿಭಾಗ ಒಪ್ಪದೇ ಇರಬಹುದು, ಆದರೆ ಎರಡು ಕಪಾಟು ಇರುವ ಮನೆಗೆ ಒಂದು ಗಡಿಗಲ್ಲು ಬೇಕಾಗುತ್ತದೆ.

ಇಂಗ್ಲಿಷಿನಲ್ಲಿ ಸಂಗ್ರಹಿಸುವವರು ಮೂರು ಪ್ರಕಾಶನ ಸಂಸ್ಥೆಗಳನ್ನು ಅರಿತಿರಬೇಕು. ಜಾರ್ಜ್ ಮೇಸಿ 1929ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭಿಸಿದ ಲಿಮಿಟೆಡ್ ಎಡಿಷನ್ಸ್ ಕ್ಲಬ್ ಸಾಮಾನ್ಯವಾಗಿ 1,500 ಪ್ರತಿಗಳನ್ನು ಮಾತ್ರ ಅಚ್ಚು ಹಾಕಿಸುತ್ತಿತ್ತು. ಪುಸ್ತಕದ ಕೊನೆಯ ಪುಟದಲ್ಲಿ ಪ್ರತಿಯ ಸಂಖ್ಯೆಯೂ, ಬಹುಪಾಲು ಪುಸ್ತಕಗಳಲ್ಲಿ ಚಿತ್ರಕಾರನ ಸಹಿಯೂ ಇರುತ್ತದೆ. ಎಡ್ವರ್ಡ್ ಬಾಡನ್ ಚಿತ್ರ ಬರೆದ 1960ರ ‘ಸಲಾಂಬೋ’ ಈ ಕ್ಲಬ್ಬಿನದು. ಅದೇ ಮೇಸಿ 1935ರಲ್ಲಿ ಹೆರಿಟೇಜ್ ಪ್ರೆಸ್ ಎಂಬ ಎರಡನೆಯ ಹೆಸರಿನಲ್ಲಿ, ಎಷ್ಟೋ ಸಲ ಅವೇ ಚಿತ್ರಗಳನ್ನು ಬಳಸಿ, ಸಂಖ್ಯೆ ಸಹಿಗಳಿಲ್ಲದೆ ಕಡಿಮೆ ಬೆಲೆಯ ಪುಸ್ತಕಗಳನ್ನು ತಂದ. ಸಂಬಳದಲ್ಲಿ ಉಳಿಸಿ ಪುಸ್ತಕ ಕೊಳ್ಳುವವರಿಗೆ ನಾನು ಹೆರಿಟೇಜ್ ಪ್ರತಿಗಳನ್ನೇ ಹೇಳುತ್ತೇನೆ. ಸಹಿ ಸಿಗುವುದಿಲ್ಲ, ಚಿತ್ರ ಸಿಗುತ್ತದೆ. ಅವುಗಳೊಂದಿಗೆ ‘ಸ್ಯಾಂಡ್‌ಗ್ಲಾಸ್’ ಎಂಬ ಮಡಚಿದ ಚಿಕ್ಕ ಹಾಳೆಯೊಂದು ಬರುತ್ತಿತ್ತು, ಪುಸ್ತಕ ಹೇಗೆ ರೂಪುಗೊಂಡಿತೆಂದು ಅದು ಹೇಳುತ್ತದೆ. ಮಾರುವವರಿಗೆ ಅದು ಇದೆಯೇ ಎಂದು ಕೇಳಿರಿ. ಮೂರನೆಯದು 1947ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಫೋಲಿಯೊ ಸೊಸೈಟಿ. ಅದರ ಹಳೆಯ ಪ್ರತಿಗಳು ನಮ್ಮ ದೇಶದ ಹಳೆಪುಸ್ತಕದ ಅಂಗಡಿಗಳಲ್ಲಿಯೂ ಆಗಾಗ ಕಾಣುತ್ತವೆ.

ಪುಸ್ತಕ ಕೈಗೆ ಬಂದ ಮೇಲೆ, ಅದರ ಚಿತ್ರ ಯಾವ ಬಗೆಯ ಅಚ್ಚು ಎಂದು ಗುರುತಿಸುವುದನ್ನು ಕಲಿಯಬೇಕು. ಗಡಿಯಾರ ರಿಪೇರಿಯವರು ಕಣ್ಣಿಗೆ ಹಚ್ಚಿಕೊಳ್ಳುವ, ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಮಸೂರ ಸಾಕು. ಬಿಸಿಲು ನೇರವಾಗಿ ಬೀಳದ ಕಿಟಕಿಯ ಬೆಳಕಿನಲ್ಲಿ ಪುಟವನ್ನು ಹಿಡಿದು, ಕಪ್ಪು ಬೂದುಗಳು ಕೂಡುವ ಒಂದು ಜಾಗವನ್ನು, ಮುಖದ ನೆರಳನ್ನೋ ಮೋಡದ ಅಂಚನ್ನೋ, ಮಸೂರದಲ್ಲಿ ನೋಡಿರಿ. ಸಾಲಾಗಿ ನಿಂತ ಚುಕ್ಕೆಗಳು ಕಂಡರೆ ಅದು ಹಾಫ್‌ಟೋನ್. ಫೋಟೊ ತೆಗೆದು ಚುಕ್ಕೆಗಳಾಗಿ ಒಡೆದು ಮಾಡಿದ ಅಚ್ಚು. ನಾಲ್ಕು ಬಣ್ಣದ ಚುಕ್ಕೆಗಳು ಚಿಕ್ಕ ಚಿಕ್ಕ ಹೂವಿನಂತೆ ಕೂಡಿದ್ದರೆ ಇತ್ತೀಚಿನ ಆಫ್‌ಸೆಟ್. ಚುಕ್ಕೆಯ ಸಾಲೇ ಇಲ್ಲದೆ ಸೀಸದ ಕಡ್ಡಿಯಿಂದ ಒರಟು ಕಾಗದದ ಮೇಲೆ ಉಜ್ಜಿದಂತೆ ಕಾಳುಕಾಳಾಗಿದ್ದರೆ ಲಿಥೊಗ್ರಾಫ್ (ಕಲ್ಲಚ್ಚು) ಇರಬಹುದು. ಗೆರೆಗಳು ಚೂಪಾಗಿ, ಕಪ್ಪು ತುಂಬು ಕಪ್ಪಾಗಿ ಇದ್ದು, ಪುಟದ ಬೆನ್ನಿನ ಮೇಲೆ ಬೆರಳಾಡಿಸಿದಾಗ ಸಣ್ಣ ಉಬ್ಬು ತಾಗಿದರೆ ಅದು ಮರದ ಅಥವಾ ಲೋಹದ ಅಚ್ಚಿನಿಂದ ಒತ್ತಿದ್ದು. ನಮ್ಮ ಹಳೆಯ ಮುದ್ರಣಾಲಯಗಳವರು ‘ಬ್ಲಾಕ್’ ಎನ್ನುತ್ತಿದ್ದದ್ದು ಈ ಲೋಹದ ಅಚ್ಚನ್ನೇ. ಈ ಗುರುತು ತಿಳಿದವರಿಗೆ ಮೂಲ ಆವೃತ್ತಿಗೂ, ಅದರ ಪುಟಗಳನ್ನು ಸ್ಕ್ಯಾನ್ ಮಾಡಿ ಈಚೆಗೆ ಅಚ್ಚು ಹಾಕಿದ ಪ್ರತಿಗೂ ಇರುವ ಅಂತರ ಒಂದೇ ನೋಟಕ್ಕೆ ಕಾಣುತ್ತದೆ.

ಸ್ಕ್ಯಾನ್ ಪ್ರತಿಗಳ ಕಾಟ ಈಗ ಬಹಳವಾಗಿದೆ. ಆನ್‌ಲೈನಿನಲ್ಲಿ ‘ಸಚಿತ್ರ’ ಎಂದು ಬರೆದು ಹಳೆಯ ಆವೃತ್ತಿಯ ಹೆಸರನ್ನೇ ಹಾಕಿರುತ್ತಾರೆ, ಬಂದ ಪುಸ್ತಕದಲ್ಲಿ ಚಿತ್ರಗಳು ಇದ್ದಿಲಿನ ಮಸಿಯಂತೆ ಕಲೆಸಿರುತ್ತವೆ. ದುಡ್ಡು ಕಳಿಸುವ ಮೊದಲು ಶೀರ್ಷಿಕೆ ಪುಟ, ಅದರ ಹಿಂಬದಿ, ಚಿತ್ರಗಳ ಪಟ್ಟಿಯ ಪುಟ, ಪುಸ್ತಕದ ಬೆನ್ನು, ಕೊನೆಯ ಮುದ್ರಣ ವಿವರದ ಪುಟ, ಇಷ್ಟರ ಫೋಟೊ ಕೇಳಿರಿ. ಕೊಡಲು ಹಿಂಜರಿಯುವವರಿಂದ ಕೊಳ್ಳಬೇಡಿರಿ.

ಚಿತ್ರಗಳನ್ನು ಎಣಿಸುವುದು ಈ ಹವ್ಯಾಸದ ಮೊದಲ ಶಿಸ್ತು. ಬೇರೆ ಕಾಗದದಲ್ಲಿ ಅಚ್ಚಾಗಿ ನಡುನಡುವೆ ಅಂಟಿಸಿದ ಚಿತ್ರದ ಹಾಳೆಗಳನ್ನು ಚೌಕಟ್ಟು ಹಾಕಿಸಿ ಮಾರುವುದಕ್ಕಾಗಿ ಕಿತ್ತುಕೊಳ್ಳುವವರಿದ್ದಾರೆ. ಅವಕ್ಕೆ ಪುಟಸಂಖ್ಯೆ ಇರದ ಕಾರಣ ಓದುವಾಗ ಕೊರತೆ ಗೊತ್ತಾಗುವುದಿಲ್ಲ. ನಾನು ಒಮ್ಮೆ ಬೇರೆ ಊರಿನ ಮಾರಾಟಗಾರರೊಬ್ಬರಿಂದ ಎರಡು ಸಂಪುಟದ ಕಾದಂಬರಿಯನ್ನು ತರಿಸಿಕೊಂಡು, ಹೊದಿಕೆಯ ಅಂದಕ್ಕೆ ಮನಸೋತು, ಹದಿನೈದು ದಿನ ಕಳೆದ ಮೇಲೆ ಪಟ್ಟಿಯೊಂದಿಗೆ ಹೋಲಿಸಿದಾಗ ಮೂರು ಚಿತ್ರಗಳು ಇರಲಿಲ್ಲ. ಹೊಲಿಗೆಯ ಸಂದಿಯಲ್ಲಿ, ಬ್ಲೇಡಿನಿಂದ ಕತ್ತರಿಸಿದ ಕಾಗದದ ಅಂಚುಗಳು ಮೂರು ಕಡೆ ಉಗುರಿನಷ್ಟು ಅಗಲವಾಗಿ ಉಳಿದಿದ್ದವು. ಮರಳಿಸುವ ಅವಧಿ ಮುಗಿದಿತ್ತು. ಅಂದಿನಿಂದ ಪಾರ್ಸಲ್ ಬಿಚ್ಚಿದ ದಿನವೇ, ಓದುವ ಮೊದಲೇ, ಪಟ್ಟಿ ಹಿಡಿದು ಒಂದೊಂದೇ ಚಿತ್ರಕ್ಕೆ ಗುರುತು ಹಾಕುತ್ತೇನೆ, ಹೊಲಿಗೆಯ ಸಂದಿಯನ್ನು ಬೆಳಕಿಗೆ ತೆರೆದು ನೋಡುತ್ತೇನೆ.

ಕೊಳ್ಳುವ ಜಾಗದ ವಿಷಯದಲ್ಲಿ ಕಲಬುರಗಿಯವರಿಗೆ ಒಂದು ಅನುಕೂಲವಿದೆ. ಮುಂಬೈ–ಚೆನ್ನೈ ರೈಲುಮಾರ್ಗ ನಮ್ಮ ಊರಿನ ಮೇಲೆಯೇ ಹಾದುಹೋಗುತ್ತದೆ, ವಾಡಿಯಿಂದ ಹೈದರಾಬಾದಿನ ದಾರಿ ಕವಲೊಡೆಯುತ್ತದೆ. ಹೈದರಾಬಾದಿನ ಅಬಿಡ್ಸ್‌ನಲ್ಲಿ ಭಾನುವಾರ ಮುಚ್ಚಿದ ಅಂಗಡಿಗಳ ಮುಂದೆ ಫುಟ್‌ಪಾತಿನ ಮೇಲೆ ಹರಡುವ ಹಳೆಯ ಪುಸ್ತಕಗಳು, ಮುಂಬೈಯ ಫೋರ್ಟ್ ಭಾಗದ ಬೀದಿಬದಿಯ ರಾಶಿಗಳು, ಬೆಂಗಳೂರಿನ ಅವೆನ್ಯೂ ರಸ್ತೆ ಮತ್ತು ಚರ್ಚ್ ಸ್ಟ್ರೀಟ್, ಇವು ಒಂದು ರಾತ್ರಿಯ ಪ್ರಯಾಣದೊಳಗೆ ಸಿಗುವಂಥವು. ಬೀದಿಯ ರಾಶಿಗೆ ಬೆಳಿಗ್ಗೆ ಬೇಗ ಹೋಗಬೇಕು, ಮತ್ತು ಬೆನ್ನಿನ ಮೇಲಿನ ಹೆಸರನ್ನು ಮಾತ್ರ ಓದದೆ ದೊಡ್ಡ ಅಳತೆಯ, ದಪ್ಪ ಕಾಗದದ, ಬಟ್ಟೆ ರಟ್ಟಿನ ಪುಸ್ತಕಗಳನ್ನು ಎಳೆದು ನೋಡಬೇಕು. ಹಳೆಯ ಬೆನ್ನುಗಳ ಚಿನ್ನದ ಅಕ್ಷರ ಬಿಸಿಲಿಗೆ ಅಳಿಸಿಹೋಗಿರುತ್ತದೆ. ವಿದೇಶದಿಂದ ತರಿಸುವವರು ಪುಸ್ತಕದ ಬೆಲೆಯೊಂದಿಗೆ ಅಂಚೆಯ ಖರ್ಚನ್ನೂ ಸೀಮಾಸುಂಕವನ್ನೂ ಮೊದಲೇ ಲೆಕ್ಕ ಹಾಕಿರಿ. ಮುದ್ರಿತ ಪುಸ್ತಕಗಳ ಆಮದಿಗೆ 2019ರ ಬಜೆಟ್‌ನಲ್ಲಿ ಶೇ 5ರ ಸುಂಕ ಬಂತು. ಮಳೆಗಾಲದಲ್ಲಿ ತರಿಸದಿರುವುದು ಮೇಲು. ತರಿಸಲೇಬೇಕಾದರೆ ಪುಸ್ತಕವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಂದರೊಳಗೊಂದು ಎರಡು ರಟ್ಟಿನ ಪೆಟ್ಟಿಗೆಯಲ್ಲಿ ಕಳಿಸಲು ಹೇಳಿರಿ.

ಕನ್ನಡದ ಮಾತಿಗೆ ಬಂದರೆ, ಇಲ್ಲಿ ಹುಡುಕುವ ದಾರಿಯೇ ಬೇರೆ. ಕನ್ನಡದಲ್ಲಿ ಐತಿಹಾಸಿಕ ಕಾದಂಬರಿಗಳಿಗೆ ಬರೆದ ಚಿತ್ರಗಳು ಬಹುಮಟ್ಟಿಗೆ ಪುಸ್ತಕದಲ್ಲಿಲ್ಲ, ವಾರಪತ್ರಿಕೆ ಮಾಸಪತ್ರಿಕೆಗಳಲ್ಲಿವೆ. ಕಾದಂಬರಿ ಧಾರಾವಾಹಿಯಾಗಿ ಬರುವಾಗ ಪ್ರತಿ ಕಂತಿಗೂ ಒಬ್ಬ ಕಲಾವಿದ ಚಿತ್ರ ಬರೆಯುತ್ತಿದ್ದ; ಪುಸ್ತಕವಾಗುವಾಗ ಖರ್ಚಿನ ಕಾರಣಕ್ಕೆ ಆ ಚಿತ್ರಗಳನ್ನು ಬಿಟ್ಟು ಮುಖಪುಟವೊಂದನ್ನು ಉಳಿಸಿಕೊಳ್ಳುತ್ತಿದ್ದರು. ಆದ್ದರಿಂದ 1965ರಲ್ಲಿ ಆರಂಭವಾದ ಸುಧಾ, 1968ರ ಮಯೂರ, ಅದಕ್ಕೂ ಹಿಂದಿನ ಪ್ರಜಾಮತ, ಕರ್ಮವೀರಗಳ ಹಳೆಯ ಸಂಚಿಕೆಗಳೇ ನಮ್ಮ ಸಚಿತ್ರ ಆವೃತ್ತಿಗಳು. ಇದನ್ನು ನಮ್ಮ ಮನೆಗಳ ಹೆಣ್ಣುಮಕ್ಕಳು ಯಾರೂ ಹೇಳದೆಯೇ ಅರಿತಿದ್ದರು. ವಾರವಾರ ಧಾರಾವಾಹಿಯ ಹಾಳೆಗಳನ್ನು ಕತ್ತರಿಸಿ, ಕಂತುಗಳನ್ನು ಜೋಡಿಸಿ, ಮುಗಿದ ಮೇಲೆ ಬೈಂಡಿಂಗ್ ಮಾಡಿಸಿ, ಬೆನ್ನಿನ ಮೇಲೆ ಮಸಿಯಲ್ಲಿ ಹೆಸರು ಬರೆದು, ಓಣಿಯ ಮನೆಮನೆಗೂ ಓದಲು ಕೊಡುತ್ತಿದ್ದರು. ನಮ್ಮ ಅತ್ತೆ ಹಾಗೆ ಕಟ್ಟಿಸಿದ ಸಂಪುಟವೊಂದು ನನ್ನ ಬಳಿ ಇದೆ. ಎರಡು ಕಂತಿನ ಚಿತ್ರಗಳ ಮೇಲೆ ಎಣ್ಣೆಯ ಕಲೆಯಿದೆ, ಒಂದು ಕಂತು ಸಿಗದೇ ಹೋದಾಗ ಅವರು ಅದನ್ನು ಬೇರೆಯವರ ಪ್ರತಿಯಿಂದ ನೋಟ್‌ಬುಕ್ಕಿನ ಹಾಳೆಯ ಮೇಲೆ ಪೂರ್ತಿ ಕೈಯಲ್ಲಿ ಬರೆದು ಸೇರಿಸಿದ್ದಾರೆ, ಚಿತ್ರವಿದ್ದ ಜಾಗವನ್ನು ಖಾಲಿ ಚೌಕವಾಗಿ ಬಿಟ್ಟಿದ್ದಾರೆ. ನನ್ನ ಸಂಗ್ರಹದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಜೋಪಾನ ಮಾಡುವುದು ಅದನ್ನೇ. ಇಂಥವು ಅಂಗಡಿಯಲ್ಲಿ ಸಿಗುವುದಿಲ್ಲ. ಹಳೆಯ ಮನೆಗಳನ್ನು ಕೆಡವುವಾಗ, ಅಟ್ಟ ಖಾಲಿ ಮಾಡುವಾಗ, ರದ್ದಿಯವರ ತಕ್ಕಡಿಗೆ ಹೋಗುವ ಮೊದಲು ಕೇಳಿಕೊಂಡು ತರಬೇಕು. ಬಂಧುಬಳಗದವರಿಗೆಲ್ಲ ನಿಮ್ಮ ಹುಡುಕಾಟದ ವಿಷಯ ತಿಳಿಸಿಟ್ಟಿರಿ. ತಂದ ಕೂಡಲೇ ಹಾಳೆಗಳ ನಡುವಿನ ತುಕ್ಕು ಹಿಡಿದ ಪಿನ್ನುಗಳನ್ನು ಮೆಲ್ಲಗೆ ತೆಗೆಯಿರಿ, ಚಿತ್ರದ ಪುಟಗಳ ಫೋಟೊ ತೆಗೆದಿಡಿರಿ. ಪತ್ರಿಕೆಯ ಅಗ್ಗದ ಕಾಗದ ತನ್ನೊಳಗಿನ ಆಮ್ಲದಿಂದಲೇ ಕಂದಿ ಪುಡಿಯಾಗುತ್ತದೆ, ಅದಕ್ಕೆ ಕಾಲಾವಕಾಶ ಕಡಿಮೆ.

ಬೈಂಡಿಂಗ್‌ನವರಿಗೆ ಪುಸ್ತಕ ಕೊಡುವಾಗ ಒಂದು ಮಾತನ್ನು ಎರಡು ಸಲ ಹೇಳಬೇಕು: ಅಂಚು ಕತ್ತರಿಸಬಾರದು. ಅಂಚನ್ನು ಮಷೀನಿಗೆ ಕೊಟ್ಟು ನುಣುಪು ಮಾಡುವುದು ಅವರ ರೂಢಿ, ಶಾಲೆಯ ಪುಸ್ತಕಕ್ಕೆ ಅದು ಸರಿ. ಆದರೆ ‘ಬೆನ್ ಹರ್’ ಕಾದಂಬರಿಯ 1892ರ ಗಾರ್ಫೀಲ್ಡ್ ಆವೃತ್ತಿಯಂಥದರಲ್ಲಿ ವಿಲಿಯಂ ಮಾರ್ಟಿನ್ ಜಾನ್ಸನ್ ಬರೆದ ರೇಖಾಚಿತ್ರಗಳು ಇರುವುದೇ ಪುಟದ ಅಂಚಿನಲ್ಲಿ, ಕಾಲಂಗುಲ ಕತ್ತರಿಸಿದರೂ ದೀಪದ ಕುಡಿ, ಒಂಟೆಯ ಕಾಲು ಹೋಗಿಬಿಡುತ್ತದೆ. ಹಾಗೆಯೇ ಫೆವಿಕಾಲ್ ಬೇಡ ಎನ್ನಿರಿ. ಒಮ್ಮೆ ಹಿಡಿದ ಮೇಲೆ ಅದನ್ನು ಬಿಡಿಸಲು ಬರುವುದಿಲ್ಲ. ಹಳೆಯ ಬೈಂಡಿಂಗ್‌ನವರು ಮೈದಾ ಅಂಟಿಗೆ ಹುಳು ಬೀಳದಂತೆ ಮೈಲುತುತ್ತ ಬೆರೆಸುತ್ತಾರೆ. ಅದು ರಟ್ಟಿಗೆ ನಡೆಯುತ್ತದೆ, ಚಿತ್ರದ ಹಾಳೆಗೆ ತಾಗಬಾರದು. ಹರಿದ ಪುಟಕ್ಕೆ ಸೆಲೋಟೇಪ್ ಹಚ್ಚಲೇಬೇಡಿರಿ, ಕೆಲವು ವರ್ಷಗಳಲ್ಲಿ ಅದರ ಅಂಟು ಕಂದು ಕಲೆಯಾಗಿ ಕಾಗದದೊಳಗೆ ಇಳಿಯುತ್ತದೆ.

ಇನ್ನು ನಮ್ಮ ಹವೆ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಕಲಬುರಗಿಯಲ್ಲಿ ಪುಸ್ತಕಕ್ಕೆ ಬಿಸಿಲು ಶತ್ರು ಎಂದು ಎಲ್ಲರೂ ಬಲ್ಲರು, ಕೂಲರ್ ಶತ್ರು ಎಂದು ಬಲ್ಲವರು ಕಡಿಮೆ. ವಾಳದ ಪರದೆಯ ಮೂಲಕ ಬರುವ ತಂಪು ಗಾಳಿ ನೀರಿನ ಆವಿಯನ್ನು ಹೊತ್ತು ತರುತ್ತದೆ. ಹಗಲೆಲ್ಲ ಒಣಗಿ ಬಿರುಸಾದ ರಟ್ಟು ರಾತ್ರಿ ಆ ತೇವವನ್ನು ಹೀರುತ್ತದೆ, ಮರುದಿನ ಮತ್ತೆ ಒಣಗುತ್ತದೆ. ಎರಡು ತಿಂಗಳು ಹೀಗೆ ನಡೆದರೆ ರಟ್ಟು ಬಿಲ್ಲಿನಂತೆ ಬಾಗುತ್ತದೆ. ಇನ್ನೂ ದೊಡ್ಡ ಅಪಾಯ ಹೊಳಪಿನ ಆರ್ಟ್ ಪೇಪರಿಗೆ. ಅದರ ಹೊಳಪು ಬರುವುದು ಮೇಲೆ ಲೇಪಿಸಿದ ನುಣ್ಣನೆಯ ಬಿಳಿ ಮಣ್ಣಿನಿಂದ; ತೇವ ತಗುಲಿ ಎರಡು ಹಾಳೆ ಒತ್ತಿ ಕುಳಿತರೆ ಅವು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಬಿಡಿಸಹೋದರೆ ಚಿತ್ರ ಸಿಪ್ಪೆಯಂತೆ ಸುಲಿದು ಬರುತ್ತದೆ. ಆದ್ದರಿಂದ ಕೂಲರ್ ಇರುವ ಕೋಣೆಯಲ್ಲಿ ಸಚಿತ್ರ ಪುಸ್ತಕ ಬೇಡ. ಕೆಲವು ನೂರು ರೂಪಾಯಿಗೆ ಸಿಗುವ ತೇವಾಂಶ ಮಾಪಕವೊಂದನ್ನು ಅಲಮಾರಿಯಲ್ಲಿ ಇಟ್ಟು, ಅದು ಶೇ 50ರ ಆಚೀಚೆ ಇರುವಂತೆ ನೋಡಿಕೊಳ್ಳಿರಿ.

ನಮ್ಮ ಹಳೆಯ ಮನೆಗಳಲ್ಲಿ ಗೋಡೆಯೊಳಗೆ ಶಹಾಬಾದ್ ಕಲ್ಲಿನ ಹಲಗೆ ಕೂಡಿಸಿದ ಗೂಡುಗಳಿರುತ್ತವೆ. ಬೇಸಿಗೆಯಲ್ಲಿ ಅವು ತಂಪು, ಆದರೆ ಶ್ರಾವಣದಲ್ಲಿ ಕಲ್ಲು ಬೆವರುತ್ತದೆ. ಪುಸ್ತಕವನ್ನು ನೇರವಾಗಿ ಕಲ್ಲಿನ ಮೇಲೆ ಇಡದೆ ನಡುವೆ ಮರದ ಪಟ್ಟಿ ಇಡಿರಿ, ಹಿಂದಿನ ಗೋಡೆಯಿಂದ ನಾಲ್ಕು ಬೆರಳು ಬಿಡಿರಿ. ಪಡುವಣ ಗೋಡೆ ಬೇಡವೇ ಬೇಡ. ಕಬ್ಬಿಣದ ಅಲಮಾರಿ ಗೆದ್ದಲಿಗೆ ಒಳ್ಳೆಯದು, ಗಾಳಿಗೆ ಕೆಟ್ಟದು. ವಾರಕ್ಕೊಮ್ಮೆ ಅರ್ಧ ಗಂಟೆ ಬಾಗಿಲು ತೆರೆದಿಡಬೇಕು. ಬೇವಿನ ಎಲೆಯನ್ನು ನೆರಳಿನಲ್ಲಿ ಗರಿಗರಿಯಾಗಿ ಒಣಗಿಸಿ ಬಟ್ಟೆಯಲ್ಲಿ ಕಟ್ಟಿ ಮೂಲೆಯಲ್ಲಿ ಇಡಬಹುದು. ಹಸಿ ಎಲೆಯನ್ನು ಪುಟಗಳ ನಡುವೆ ಇಟ್ಟರೆ ಅದರ ಕಲೆ ಎಂದಿಗೂ ಹೋಗುವುದಿಲ್ಲ. ದೊಡ್ಡ ಅಳತೆಯ ಪುಸ್ತಕಗಳನ್ನು ನಿಲ್ಲಿಸದೆ ಮಲಗಿಸಿ ಇಡಿರಿ, ಒಂದರ ಮೇಲೊಂದು ಮೂರಕ್ಕಿಂತ ಹೆಚ್ಚು ಬೇಡ.

ಪ್ರತಿಯೊಂದು ಪುಸ್ತಕಕ್ಕೂ ಒಂದು ವಹಿಯಲ್ಲಿ ಪುಟ ಮೀಸಲಿಡಿರಿ. ಹೆಸರು, ಪ್ರಕಾಶಕರು, ವರ್ಷ, ಚಿತ್ರಕಾರ, ಅಚ್ಚಿನ ಬಗೆ, ಚಿತ್ರಗಳ ಸಂಖ್ಯೆ, ಇರುವ ದೋಷ, ಕೊಂಡ ಊರು, ಕೊಟ್ಟ ಬೆಲೆ ಇಷ್ಟು ಸಾಕು. ಪುಸ್ತಕದ ಮೇಲೆ ಪೆನ್ನಿನಿಂದ ಏನನ್ನೂ ಬರೆಯಬೇಡಿರಿ, ವಹಿಯ ಸಂಖ್ಯೆಯನ್ನು ಕೊನೆಯ ಖಾಲಿ ಹಾಳೆಯ ಮೂಲೆಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಬರೆದರೆ ಆಯಿತು.

ಮಹಾನವಮಿಯ ಹೊತ್ತಿಗೆ ಮಳೆ ಹಿಂದೆಗೆದು ಗಾಳಿ ಒಣಗಿರುತ್ತದೆ. ಖಂಡೆಪೂಜೆಗೆ ಪುಸ್ತಕಗಳನ್ನು ಹೊರಗೆ ತೆಗೆದು ಇಡುವ ಪದ್ಧತಿ ಹೇಗೂ ಇದೆ. ಕುಂಕುಮವನ್ನು ಪುಸ್ತಕದ ಮೇಲಿನ ಬಟ್ಟೆಗೆ ಹಚ್ಚಿ, ಪೂಜೆ ಮುಗಿದ ಮೇಲೆ ಒಂದೊಂದನ್ನೇ ಮೇಜಿನ ಮೇಲೆ ತೆರೆಯಿರಿ. ಕೈ ತೊಳೆದು ಚೆನ್ನಾಗಿ ಒರೆಸಿಕೊಂಡು, ಮಕ್ಕಳನ್ನೂ ಕೂಡಿಸಿಕೊಂಡು, ಪುಟದ ಮೇಲ್ಮೂಲೆಯನ್ನು ಹಿಡಿದು ಪ್ರತಿ ಚಿತ್ರವನ್ನೂ ತಿರುವಿ ಗಾಳಿಗೆ ಬಿಡಿರಿ, ವಹಿಯಲ್ಲಿರುವ ಸಂಖ್ಯೆಯೊಂದಿಗೆ ಮತ್ತೊಮ್ಮೆ ಎಣಿಸಿರಿ, ಹೊಸ ಕಲೆ, ಹುಳುವಿನ ತೂತು ಕಂಡರೆ ಅಂದಿನ ದಿನಾಂಕದೊಂದಿಗೆ ಬರೆದಿಡಿರಿ.